ಘಟ ಅಂದ್ರೆ ಮಡಿಕೇನೂ ಹೌದು, ಮೈಯೂ ಹೌದು

ಪ್ರಶ್ನೆ: ಮೂರು ವರ್ಷದ ಹಿಂದೆ ಸಿಸೇರಿಯನ್ ಆಯ್ತು, ಆವಾಗಿಂದ ನನ್ನ ಮೈ ನಂದಲ್ಲವೇನೋ ಅನ್ನೋ ಹಾಗಾಗಿದೆ. ವಾರಕ್ಕೆ ಎರಡು ದಿನ ಮಣ್ಣಿನ ಕೆಲಸ ಕಲಿಯೋಕೆ ಹೋಗ್ತೀನಿ. ನನ್ನ ಹೊಟ್ಟೆ, ಆ ಹೊಲಿಗೆ ಗುರುತು, ಇದನ್ನೆಲ್ಲ ಮಣ್ಣಲ್ಲಿ ಮಾಡ್ಬೇಕು ಅನ್ಸುತ್ತೆ. ಬತ್ತಲೆ ಬೊಂಬೆ ಮಾಡೋ ಧೈರ್ಯ ಇಲ್ಲ. ಬರೀ ಮಡಿಕೆ ಮಾಡಿದ್ರೆ ಅದ್ರಲ್ಲಿ ನಾನೆಲ್ಲಿರ್ತೀನಿ?
— ಓದುಗರು, ಶಿವಮೊಗ್ಗ

ಉತ್ತರ: ಮಡಿಕೇಲಿ ನೀವು ಪೂರ್ತಿ ಇರ್ತೀರಿ ಕಣ್ರೀ. ನಮ್ಮ ಮಾತಲ್ಲೇ ನೋಡಿ, ಕೊಡಕ್ಕೆ ಬಾಯಿ ಇದೆ, ಕಂಠ ಇದೆ, ಹೊಟ್ಟೆ ಇದೆ, ಘಟ ಅನ್ನೋ ಒಂದೇ ಪದ ಮಡಿಕೆಗೂ ಆಗುತ್ತೆ ದೇಹಕ್ಕೂ ಆಗುತ್ತೆ. ಇದನ್ನೇ ಇಡೀ ಜೀವನ ಹಿಡ್ಕೊಂಡು ಕೆಲಸ ಮಾಡ್ತಾ ಬಂದವರು ಮ್ಯಾಗ್ಡಲೀನ್ ಒಡುಂಡೋ ಅನ್ನೋ ಮಣ್ಣಿನ ಕಲಾವಿದೆ. 1950ರಲ್ಲಿ ನೈರೋಬಿಯಲ್ಲಿ ಹುಟ್ಟಿದವರು, ಚಿಕ್ಕವರಿದ್ದಾಗ ಸ್ವಲ್ಪ ಕಾಲ ದೆಹಲಿಯಲ್ಲೂ ಓದಿದಾರೆ, 1971ರಲ್ಲಿ ಇಂಗ್ಲೆಂಡಿಗೆ ಹೋದ್ರು. ಅಲ್ಲಿಂದ ನೈಜೀರಿಯಾದ ಅಬುಜಕ್ಕೆ ಹೋಗಿ ಗ್ವಾರಿ ಅನ್ನೋ ಜನಾಂಗದ ಹೆಂಗಸರ ಹತ್ರ ಕೈಯಲ್ಲೇ ಮಡಿಕೆ ಕಟ್ಟೋದು ಕಲಿತ್ರು. ಅಲ್ಲಿ ಲಾಡಿ ಕ್ವಾಲಿ ಅಂತ ದೊಡ್ಡ ಕಲಾವಿದೆ ಇದ್ರು, ನೈಜೀರಿಯಾದ 20 ನೈರಾ ನೋಟಿನ ಮೇಲೆ ಅವರ ಚಿತ್ರ ಇದೆ. ಕುಂಬಾರಿಕೆ ಹೆಂಗಸಿನ ಚಿತ್ರ ನೋಟಿನ ಮೇಲೆ! ನಮ್ಮಲ್ಲಿ ಚಕ್ರದ ಮುಂದೆ ಕೂರೋದು ಹೆಚ್ಚಾಗಿ ಗಂಡಸರೇ, ಹೆಂಗಸರಿಗೆ ಮಣ್ಣು ತುಳಿಯೋದು ಕಲಸೋದು. ಗ್ವಾರಿ ಹೆಂಗಸರ ಪದ್ಧತೀಲಿ ಚಕ್ರಾನೇ ಇಲ್ಲ, ಮಡಿಕೆ ಒಂದು ಕಡೆ ನಿಂತಿರುತ್ತೆ, ಮಾಡೋಳು ಬೆನ್ನು ಬಗ್ಗಿಸಿ ಅದರ ಸುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕ್ತಾ ಸುತ್ತಬೇಕು. ಅಂದ್ರೆ ಮೈ ಮೊದಲೇ ಕೆಲಸದೊಳಗೆ ಬಂದುಬಿಟ್ಟಿರುತ್ತೆ.

ಒಡುಂಡೋ ಮಾಡೋ ಪಾತ್ರೆಗಳಿಗೆ ಮುಖ ಇಲ್ಲ, ಕೈಕಾಲಿಲ್ಲ. ಆದ್ರೂ ನೋಡಿದ ಕೂಡಲೇ ಯಾರೋ ಹೆಂಗಸು ನಿಂತಿದಾಳೆ ಅನ್ಸುತ್ತೆ, ಕತ್ತು ಸ್ವಲ್ಪ ಹಿಂದಕ್ಕೆ ವಾಲಿಸಿ, ತುಂಬು ಹೊಟ್ಟೆ ಮುಂದೆ ಮಾಡ್ಕೊಂಡು. ಕೆಲವಕ್ಕೆ ಪಕ್ಕದಲ್ಲಿ ಪುಟ್ಟ ಪುಟ್ಟ ಗುಬಟು ಇರುತ್ತೆ, ಹೊಕ್ಕಳು ಅಂದ್ಕೊಂಡ್ರೆ ಹೊಕ್ಕಳು, ಬೆನ್ನುಮೂಳೆ ಅಂದ್ಕೊಂಡ್ರೆ ಬೆನ್ನುಮೂಳೆ. ಹೆಸರು ನೋಡೋಣ ಅಂದ್ರೆ ಎಷ್ಟಕ್ಕೋ ಹೆಸರೇ ಇಟ್ಟಿಲ್ಲ.

ನಿಮ್ಮ ಹೊಲಿಗೆ ಗುರುತಿಗೆ ನಾನು ಹೇಳೋದು ಇಷ್ಟು. ಮಣ್ಣಿನ ಬತ್ತಿ ಹೊಸೆದು ಸುರುಳಿ ಸುತ್ತಿ ಮಡಿಕೆ ಹೊಟ್ಟೆ ಕಟ್ಟಿ, ಕೆಳಗಿನ ಸುತ್ತು ಸ್ವಲ್ಪ ಬಿಗಿಯಾದ್ಮೇಲೇ ಮೇಲಿಂದು ಹಾಕಿ, ಅವಸರ ಮಾಡಿದ್ರೆ ಕುಸಿಯುತ್ತೆ. ಮಣ್ಣು ತೊಗಲಿನ ಹದಕ್ಕೆ ಬಂದಾಗ, ಅಂದ್ರೆ ಬಿಗಿಯಾಗಿದ್ರೂ ಇನ್ನೂ ತೇವ ಇದ್ದಾಗ, ಎಳೆಯಂಥ ಒಂದು ಬತ್ತಿ ಹೊಸೆದು, ಬತ್ತಿಗೂ ಅದು ಕೂರೋ ಜಾಗಕ್ಕೂ ಗೀರು ಹಾಕಿ, ಕೆಸರು ಹಚ್ಚಿ ಅಂಟಿಸಿ. ಎಡಗೈ ಒಳಗೆ ಆನಿಸಿ ಇಟ್ಕೊಂಡು ಬಲಗೈಯಿಂದ ಒತ್ತಿ. ಒಳಗೊಂದು ಕೈ ಹೊರಗೊಂದು ಕೈ, ನಡುವೆ ಬರೀ ಅರ್ಧ ಬೆರಳಿನಷ್ಟು ಮಣ್ಣು. ಆಪ್ತತೆ ಅಂತಾರಲ್ಲ, ನನಗೆ ಅದು ಅಲ್ಲೇ ಸಿಕ್ಕಿದ್ದು, ನಮ್ಮದೇ ಮೈಯನ್ನ ಅಷ್ಟು ನಿಧಾನವಾಗಿ ಯಾವಾಗ ಮುಟ್ಟಿರ್ತೀವಿ ಹೇಳಿ.

ಪ್ರಶ್ನೆ: ನೀವು ಹಿಂದಿನ ಸಲ ಹಾಕಿದ್ದ ಒಡುಂಡೋ ಪಾತ್ರೆ ಫೋಟೋ ನೋಡೀನ್ರಿ, ಒಂದು ಕೆಂಪು ಒಂದು ಕರಿ. ಕರೀದಕ್ಕ ಪೇಂಟ್ ಹೊಡದಾರೋ ಗ್ಲೇಜೋ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಪೇಂಟೂ ಅಲ್ಲ, ಸುಟ್ಟಾಗ ಗಾಜಿನ ಥರ ಆಗೋ ಗ್ಲೇಜ್ ಲೇಪಾನೂ ಅಲ್ಲ. ಅದೇ ಮಣ್ಣು, ಅದೇ ಕೈ. ಒಣಗಿದ ಪಾತ್ರೆಗೆ ನುಣ್ಣನೆ ಕೆಮ್ಮಣ್ಣಿನ ತಿಳಿ ಹಚ್ಚಿ ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ಬರಿಸ್ತಾರೆ. ಗಾಳಿ ಚೆನ್ನಾಗಿ ಆಡೋ ಬೆಂಕೀಲಿ ಸುಟ್ಟರೆ ಕೆಂಪು-ಕಿತ್ತಳೆ. ಅದನ್ನೇ ಮತ್ತೆ ಒಂದು ಮುಚ್ಚಿದ ಪೆಟ್ಟಿಗೇಲಿ ಮರದ ಚೂರು, ಹೊಟ್ಟು ತುಂಬಿ ಸುಟ್ಟರೆ ಗಾಳಿ ಸಿಗದೆ ಮಣ್ಣಿನ ಕಬ್ಬಿಣದ ಬಣ್ಣ ಕಪ್ಪಾಗುತ್ತೆ, ಹೊಗೆಯ ಇಂಗಾಲವೂ ಒಳಗೆ ಕೂರುತ್ತೆ. ಕೆಲವು ಪಾತ್ರೇಲಿ ಕಪ್ಪಿನ ನಡುವೆ ಕೆಂಪು ಉಳ್ಕೊಂಡಿರುತ್ತೆ, ಮೈಬಣ್ಣ ಒಂದೊಂದು ಕಡೆ ಒಂದೊಂದು ಥರ ಇರಲ್ವಾ, ಹಾಗೆ. ಮೈಬಣ್ಣದಿಂದಲೇ ಜನರನ್ನ ಬೇರೆ ಬೇರೆ ಮಾಡೋ ಲೋಕದಲ್ಲಿ ಒಂದೇ ಮಣ್ಣು ಎರಡೂ ಆಗಬಲ್ಲದು ಅನ್ನೋದನ್ನ ಕಣ್ಣಾರೆ ತೋರಿಸೋ ಕೆಲಸ ಇದು, ನನಗಂತೂ ತುಂಬಾ ದೊಡ್ಡದು ಅನ್ಸುತ್ತೆ.

ಪ್ರಶ್ನೆ: ನಾನು ಮಾಡಿದ ಮಡಿಕೆ ಬಾಯಿ ಒಂದು ಕಡೆ ವಾಲಿದೆ. ಅತ್ತೆ ನೋಡಿ, "ಇದೇನಮ್ಮ, ಸೊಟ್ಟಗಿದೆ, ಬಿಸಾಕು" ಅಂದ್ರು. ಸರಿ ಮಾಡೋದು ಹೇಗೆ?
— ಓದುಗರು, ತುಮಕೂರು

ಉತ್ತರ: ಸುಟ್ಟಾಗಿದ್ರೆ ಸರಿ ಮಾಡೋಕಾಗಲ್ಲ, ಮಾಡೋದೂ ಬೇಡ. ಒಡುಂಡೋ ಅವರ ಕೆಲವು ಪಾತ್ರೆಗಳ ಹೆಸರಲ್ಲೇ "ಅಸಿಮೆಟ್ರಿಕಲ್" ಅಂತಿದೆ, ಅಂದ್ರೆ ಎರಡು ಕಡೆ ಒಂದೇ ಥರ ಇಲ್ಲದ್ದು. ವಾಲಿದ ಆ ಬಾಯಿಂದಲೇ ಅವು ಉಸಿರಾಡ್ತಿವೆ ಅನ್ಸೋದು. ಅತ್ತೆಗೆ ಅದನ್ನ ಒಮ್ಮೆ ಕೈಗೆ ಕೊಡಿ, ಕಣ್ಣು ಮುಚ್ಚಿ ಸವರಿ ನೋಡಿ ಅನ್ನಿ. ನೀರು ಮಾತ್ರ ತುಂಬಿಡಬೇಡಿ, ಗ್ಲೇಜ್ ಇಲ್ಲದ ಮಡಿಕೆ ಜಿನುಗುತ್ತೆ, ಕೆಳಗಿರೋ ಮೇಜು ಹಾಳಾಗುತ್ತೆ.