ಗೆಳೆಯರ ಜೊತೆ ರಜೆಗೆ ಹೋದಾಗ ಒಂದು ಸಂಜೆಯನ್ನು ಮ್ಯಾಜಿಕ್ ಶೋಗೆ ಕೊಡಬಹುದಾ?

ನೀವು ಕೇಳಿರುವುದು ಎರಡು ವಿಷಯ. ರಜೆಯಲ್ಲಿ ಸಿಗುವುದೇ ನಾಲ್ಕಾರು ಸಂಜೆ, ಅದರಲ್ಲಿ ಒಂದನ್ನು ಮ್ಯಾಜಿಕ್ ಶೋಗೆ ಕೊಡಬೇಕಾ? ಫೋನಿನಲ್ಲೇ ಬೇಕಾದಷ್ಟು ಮ್ಯಾಜಿಕ್ ಇರುವಾಗ ಟಿಕೆಟ್ ಯಾಕೆ? ಧಾರಾಳವಾಗಿ ಹೋಗಿ ಅಂತ ನನ್ನ ಉತ್ತರ. ನೀವೊಬ್ಬರೇ ಹೊರಟಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಗೆಳೆಯರ ಗುಂಪು ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ನಾವೂ ಹೀಗೇ ರಜೆಯಲ್ಲಿದ್ದಾಗ ಒಂದು ಚಿಕ್ಕ ಹಾಲ್‌ನಲ್ಲಿ ಶೋ ನೋಡಿದೆವು. ಗುಂಪಿನಲ್ಲಿ ಅರ್ಧ ಜನಕ್ಕೆ ಮನಸ್ಸೇ ಇರಲಿಲ್ಲ, ಉಳಿದವರು ಎಳೆದುಕೊಂಡು ಹೋದದ್ದು. ಜಾದೂಗಾರ ನಮ್ಮ ಗೆಳತಿಯೊಬ್ಬಳನ್ನು ವೇದಿಕೆಗೆ ಕರೆದ. ಅವಳು ಒಂದು ಇಸ್ಪೀಟ್ ಎಲೆ ಆರಿಸಿ ಅದರ ಮೇಲೆ ಸಹಿ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಅದೇ ಎಲೆ ಅಂಟಿಸಿದ ಲಕೋಟೆಯೊಳಗೆ ಸಿಕ್ಕಿತು. ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದೆವು, ಸರಿ. ಅಸಲಿ ಮಜಾ ಶುರುವಾದದ್ದು ಹೊರಗೆ ಬಂದ ಮೇಲೆ. ಲಕೋಟೆ ಮೊದಲಿನಿಂದಲೂ ಮೇಜಿನ ಮೇಲಿತ್ತು ಅಂತ ಒಬ್ಬ. ಇಲ್ಲ, ಕೋಟಿನ ಜೇಬಿನಿಂದ ತೆಗೆದ ಅಂತ ಇನ್ನೊಬ್ಬ. ಅವನು ಅದನ್ನು ಮುಟ್ಟಲೇ ಇಲ್ಲ, ನಾನೇ ತೆರೆದೆ ಅಂತ ಗೆಳತಿ ಆಣೆ ಇಟ್ಟು ಹೇಳಿದಳು. ಲಕೋಟೆ ಹರಿದದ್ದು ಅವನೇ ಅಂತ ನನ್ನ ವಾದ. ವಾದ ಏನು ಬಂತು, ಈಗಲೂ ನನಗೆ ಹಾಗೇ ನೆನಪು. ಎಲ್ಲರೂ ನೋಡಿದ್ದು ಒಂದೇ ಶೋ. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ತಾಳೆಯಿಲ್ಲ. ಮಾರನೇ ದಿನವೂ ಈ ಜಗಳ ಮುಗಿಯಲಿಲ್ಲ.

ಒಬ್ಬರೇ ಹೋದರೆ ಇದು ಸಿಗುವುದಿಲ್ಲ. ನಿಮ್ಮ ನೆನಪೇ ಸರಿ ಅಂದುಕೊಂಡು ಮಲಗಿಬಿಡುತ್ತೀರಿ.

ನೆನಪು ಹೀಗೆ ಆಟ ಆಡಿಸುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಹಗ್ಗದ ಮ್ಯಾಜಿಕ್. ಹಗ್ಗ ತಾನಾಗಿ ಮೇಲೇಳುತ್ತದೆ, ಹುಡುಗ ಅದನ್ನು ಹತ್ತಿ ಮಾಯವಾಗುತ್ತಾನೆ ಅನ್ನುವ ಕಥೆ ನೀವೂ ಕೇಳಿರುತ್ತೀರಿ. ಭಾರತದಲ್ಲಿ ಇದನ್ನು ಕಣ್ಣಾರೆ ಕಂಡವರಿದ್ದಾರೆ ಅಂತ 1890ರಲ್ಲಿ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಬರೆಯಿತು. ಕೆಲವೇ ತಿಂಗಳಲ್ಲಿ ಅದು ಕಟ್ಟುಕಥೆ ಅಂತ ಪತ್ರಿಕೆಯೇ ಒಪ್ಪಿಕೊಂಡಿತು. ಅಷ್ಟರಲ್ಲಿ ಕಥೆ ಊರೂರು ಸುತ್ತಿಯಾಗಿತ್ತು. ಮುಂದೆ ಎಷ್ಟೋ ವರ್ಷ, ನಾನೇ ನೋಡಿದ್ದೇನೆ ಅನ್ನುವವರು ಬರುತ್ತಲೇ ಇದ್ದರು. ರಿಚರ್ಡ್ ವೈಸ್‌ಮನ್ ಮತ್ತು ಪೀಟರ್ ಲ್ಯಾಮಂಟ್ ಅನ್ನುವ ಸಂಶೋಧಕರು ಇಂಥ ಹೇಳಿಕೆಗಳನ್ನು ಒಟ್ಟು ಹಾಕಿ ಪರಿಶೀಲಿಸಿದರು. 1996ರಲ್ಲಿ ನೇಚರ್ ಅನ್ನುವ ವಿಜ್ಞಾನ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ನೋಡಿದ್ದಕ್ಕೂ ಹೇಳಿದ್ದಕ್ಕೂ ನಡುವೆ ವರ್ಷಗಳು ಜಾಸ್ತಿಯಾದಷ್ಟೂ ಕಥೆಯಲ್ಲಿನ ಪವಾಡವೂ ಜಾಸ್ತಿಯಾಗಿತ್ತು! ಇವರೆಲ್ಲ ಸುಳ್ಳು ಹೇಳಿದರು ಅಂತಲ್ಲ. ನಮ್ಮ ಲಕೋಟೆ ಜಗಳದಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ ಅಲ್ವಾ, ಹಾಗೆ.

ಇನ್ನು ಫೋನಿನ ಮಾತು. ವಿಡಿಯೊದಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ 'ಇಲ್ಲೆಲ್ಲೋ ಕತ್ತರಿಸಿದ್ದಾರೆ' ಅನ್ನುವ ಅನುಮಾನ ಹೋಗುವುದಿಲ್ಲ. ಬೇಕಾದ ಕಡೆ ನಿಲ್ಲಿಸಿ ಹಿಂದಕ್ಕೆ ಓಡಿಸುತ್ತೀರಿ. ಆಗ ಅದು ಬರೀ ಒಗಟು. ಹಾಲ್‌ನಲ್ಲಿ ಎಲ್ಲಿ ನೋಡಬೇಕು ಅನ್ನುವುದು ನಿಮ್ಮ ಕೈಯಲ್ಲೇ ಇದೆ. ಹಾಗಂತ ನೀವು ಅಂದುಕೊಂಡಿರುತ್ತೀರಿ.

ಚೆಂಡು ಮಾಯ ಮಾಡುವ ಹಳೆಯ ಕೈಚಳಕವೊಂದಿದೆ. ಚೆಂಡನ್ನು ಎರಡು ಸಲ ನಿಜವಾಗಿ ಮೇಲಕ್ಕೆ ಎಸೆದು ಹಿಡಿಯುತ್ತಾರೆ. ಮೂರನೇ ಸಲ ಎಸೆದಂತೆ ನಟಿಸುತ್ತಾರೆ, ಚೆಂಡು ಅಂಗೈಯಲ್ಲೇ ಉಳಿಯುತ್ತದೆ. ಗುಸ್ತಾವ್ ಕುನ್ ಮತ್ತು ಮೈಕೆಲ್ ಲ್ಯಾಂಡ್ 2006ರಲ್ಲಿ ಇದರ ವಿಡಿಯೊ ತೋರಿಸಿ ಪ್ರಯೋಗ ಮಾಡಿದರು. ಜಾದೂಗಾರ ಮೇಲೆ ನೋಡುತ್ತಾ ನಟಿಸಿದಾಗ ನೂರಕ್ಕೆ 68 ಜನ 'ಚೆಂಡು ಮೇಲೆ ಹೋದದ್ದನ್ನು ಕಂಡೆ' ಅಂದರು. ಅವನು ತನ್ನ ಕೈಯನ್ನೇ ನೋಡುತ್ತಿದ್ದಾಗ ಹಾಗೆ ಅಂದವರು ನೂರಕ್ಕೆ 32. ಅಂದರೆ ನಾವು ನೋಡುವುದು ಕೈಯನ್ನಲ್ಲ, ಮುಖವನ್ನು. ಎದುರಿಗಿರುವ ಜಾದೂಗಾರನಿಗೆ ಇನ್ನೂ ಒಂದು ಅನುಕೂಲವಿದೆ. ನಿಮ್ಮ ಕಣ್ಣು ಎಲ್ಲಿದೆ ಅಂತ ಅವನಿಗೆ ಕಾಣುತ್ತದೆ. ಅದು ಅವನ ಕೈಯಿಂದ ಆಚೆ ಸರಿಯುವ ತನಕ ಅವನು ಕಾಯುತ್ತಾನೆ. ಒಂದು ಜೋಕ್ ಹೊಡೆಯುತ್ತಾನೆ. ನಕ್ಕ ಕೂಡಲೇ ನೀವು ಏನು ಮಾಡುತ್ತೀರಿ? ಪಕ್ಕದ ಗೆಳೆಯನ ಕಡೆ ತಿರುಗುತ್ತೀರಿ. ಅಷ್ಟರಲ್ಲಿ ಅವನ ಕೆಲಸ ಮುಗಿದಿರುತ್ತದೆ. ಗುಂಪಾಗಿ ಬಂದವರು ಸುಲಭವಾಗಿ ಸಿಕ್ಕಿಬೀಳುವುದೇ ಹೀಗೆ.

ಎಂಥ ಶೋ ಅನ್ನುವುದರ ಬಗ್ಗೆಯೂ ಒಂದು ಮಾತು. ದೊಡ್ಡ ವೇದಿಕೆ, ಪೆಟ್ಟಿಗೆ, ಗರಗಸ, ಹೊಗೆ ಇರುವ ಶೋಗಳು ಒಂದು ಬಗೆ. ಪೆಟ್ಟಿಗೆಯಲ್ಲಿ ಹೆಂಗಸನ್ನು ಮಲಗಿಸಿ ಕೊಯ್ಯುವ ಆಟವನ್ನು ಪಿ.ಟಿ. ಸೆಲ್ಬಿಟ್ ಅನ್ನುವ ಜಾದೂಗಾರ ಲಂಡನ್‌ನಲ್ಲಿ ಜನರ ಮುಂದಿಟ್ಟದ್ದು 1921ರಲ್ಲಿ. ಅಷ್ಟು ಹಳೆಯದು, ಆದರೂ ಕೆಲಸ ಮಾಡುತ್ತದೆ. 1956ರಲ್ಲಿ ಬಿಬಿಸಿ ಟಿವಿಯ ನೇರ ಪ್ರಸಾರದಲ್ಲಿ ನಮ್ಮ ದೇಶದ ಜಾದೂಗಾರ ಪಿ.ಸಿ. ಸರ್ಕಾರ್ ಗರಗಸದ ಆಟ ತೋರಿಸಿದರು. ಸಹಾಯಕಿ ಇನ್ನೂ ಎದ್ದಿರಲಿಲ್ಲ, ಕಾರ್ಯಕ್ರಮದ ಸಮಯ ಮುಗಿದುಹೋಯಿತು. ಹುಡುಗಿ ಸತ್ತೇ ಹೋದಳು ಅಂತ ಗಾಬರಿಯಾದ ಜನ ಬಿಬಿಸಿಗೆ ಫೋನ್ ಮೇಲೆ ಫೋನ್ ಮಾಡಿದರು. ಸಮಯ ಮೀರಿದ್ದು ಆಕಸ್ಮಿಕವೋ ಸರ್ಕಾರ್ ಅವರ ಲೆಕ್ಕಾಚಾರವೋ ಅಂತ ಇವತ್ತಿಗೂ ಜನ ಮಾತಾಡಿಕೊಳ್ಳುತ್ತಾರೆ. ನನಗಂತೂ ಅನುಮಾನ ಇದೆ. ಇನ್ನೊಂದು ಬಗೆ, ಕೈಯಳತೆ ದೂರದಲ್ಲಿ ಎಲೆ, ನಾಣ್ಯ, ಲೋಟ ಇಟ್ಟುಕೊಂಡು ಮಾಡುವಂಥದ್ದು. ಎರಡರಲ್ಲಿ ಆರಿಸಬೇಕು ಅಂದರೆ ನಾನು ಯೋಚನೆಯೇ ಮಾಡದೆ ಚಿಕ್ಕದನ್ನು ಹಿಡಿಯುತ್ತೇನೆ. ಪೆಟ್ಟಿಗೆಯಲ್ಲಿ ಏನೋ ಇದೆ ಅಂತ ಎಲ್ಲರೂ ಊಹಿಸಬಹುದು. ನಿಮ್ಮದೇ ಅಂಗೈಯಲ್ಲಿದ್ದ ನಾಣ್ಯ ಬೇರೆಯಾದರೆ ಊಹಿಸಲು ಏನು ಉಳಿಯುತ್ತದೆ?

ಸೀಟು ತೀರಾ ಪಕ್ಕದ ಮೂಲೆಯಲ್ಲಿ ಬೇಡ. ಬಹಳಷ್ಟು ಆಟಗಳನ್ನು ಎದುರಿಗಿರುವವರ ಕಣ್ಣಳತೆಗೆ ಕೂಡಿಸಿರುತ್ತಾರೆ. ವೇದಿಕೆಗೆ ಹೋಗುವ ಆಸೆ ಇರುವವರನ್ನು ನಡೆದಾಡುವ ದಾರಿಯ ಪಕ್ಕ ಕೂರಿಸಿ, ಕರೆಯುವವರಿಗೆ ಅದು ಸಲೀಸು. ನಾಚಿಕೆ ಸ್ವಭಾವದವರು ಸಾಲಿನ ನಡುವೆ ಇರಲಿ. ಅವರನ್ನು ಸುಮ್ನೆ ಮುಂದಕ್ಕೆ ತಳ್ಳಬೇಡಿ, ಇಡೀ ಸಂಜೆ ಕೆಡುತ್ತದೆ. ಪ್ರತಿ ಗುಂಪಿನಲ್ಲೂ 'ಇದು ನನಗೆ ಗೊತ್ತು' ಅಂತ ಜೋರಾಗಿ ಹೇಳುವವನೊಬ್ಬ ಇರುತ್ತಾನೆ. ಅವನಿಗೆ ಹೊರಗೆ ಹೋದಮೇಲೆ ಹೇಳು ಅಂತ ಮೊದಲೇ ಹೇಳಿಡಿ. ಅವನು ಹೇಳುವ ಗುಟ್ಟು ಸಾಮಾನ್ಯವಾಗಿ ತಪ್ಪೇ ಇರುತ್ತದೆ, ಆದರೆ ಪಕ್ಕದವರ ಖುಷಿ ಅಷ್ಟರಲ್ಲಿ ಹಾಳಾಗಿರುತ್ತದೆ. ಶೋ ನಡೆಯುವಾಗ ವಿಡಿಯೊ ಮಾಡಬೇಡಿ. ಎಷ್ಟೋ ಕಡೆ ಬಿಡುವುದೂ ಇಲ್ಲ. ಬಿಟ್ಟರೂ ಮಾಡಬೇಡಿ, ವಿಡಿಯೊ ಇದ್ದರೆ ಜಗಳ ಐದು ನಿಮಿಷಕ್ಕೆ ಇತ್ಯರ್ಥವಾಗಿಬಿಡುತ್ತದೆ.

ಕೊನೆಗೆ, ಹೊರಗೆ ಬಂದ ಕೂಡಲೇ ಹರಟೆಗೆ ಇಳಿಯಬೇಡಿ. ಯಾವುದಾದರೂ ಒಂದೇ ಆಟ ಆರಿಸಿಕೊಳ್ಳಿ. ಏನೇನು ನಡೆಯಿತು ಅಂತ ಎಲ್ಲರೂ ಅವರವರ ಫೋನಿನಲ್ಲಿ ನಾಲ್ಕು ಸಾಲು ಬರೆಯಿರಿ, ಆಮೇಲೆ ಒಬ್ಬೊಬ್ಬರಾಗಿ ಓದಿ. ಮೊದಲೇ ಮಾತಾಡಿದರೆ ದೊಡ್ಡ ಗಂಟಲಿನವನ ನೆನಪೇ ಎಲ್ಲರ ನೆನಪಾಗಿ ಕೂರುತ್ತದೆ.