ಕಾಲೇಜು ಕೋಚ್ ಕೈಗೆ ಜೈಂಟ್ಸ್: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ಸರ್, ಪ್ರೊಫೆಷನಲ್ ಬೇಸ್‌ಬಾಲ್‌ನಲ್ಲಿ ಒಂದು ದಿನವೂ ಕೆಲಸ ಮಾಡದ ಟೋನಿ ವಿಟೆಲೊ ಅವರನ್ನು ಅಮೆರಿಕದ ದೊಡ್ಡ ಲೀಗ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ ಮ್ಯಾನೇಜರ್ (ಮುಖ್ಯ ಕೋಚ್) ಮಾಡಿದ್ದಾರೆ. ತಂಡ ಕಟ್ಟುವ ಮುಖ್ಯಸ್ಥ ಬಸ್ಟರ್ ಪೋಸಿಗೆ ತಲೆ ಕೆಟ್ಟಿದೆಯಾ? ನಮ್ಮೂರಲ್ಲಿ ಕಾಲೇಜು ಟೀಮ್ ಕೋಚನ್ನು ಕರೆತಂದು ಆರ್‌ಸಿಬಿಗೆ ಕೂರಿಸುತ್ತಾರಾ?

ಉತ್ತರ: 2025ರ ಅಕ್ಟೋಬರ್‌ನಲ್ಲಿ ವಿಟೆಲೊ ಹೆಸರು ಹೊರಬಿದ್ದಾಗಿನಿಂದ ಇದೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ. ಇಲ್ಲಿ ಪೂರ್ತಿ ಹೇಳಿಬಿಡುತ್ತೇನೆ.

ಮೊದಲು ಆರ್‌ಸಿಬಿ ಹೋಲಿಕೆ ಬಿಟ್ಟುಬಿಡಿ. ನಮ್ಮ ಕಾಲೇಜು ಕ್ರಿಕೆಟ್ ಬೇರೆ, ಅಮೆರಿಕದ ಕಾಲೇಜು ಬೇಸ್‌ಬಾಲ್ ಬೇರೆ. ಅಮೆರಿಕದಲ್ಲಿ ಕಾಲೇಜು ಮೈದಾನದಿಂದ ಹುಡುಗರು ಸೀದಾ ಡ್ರಾಫ್ಟ್‌ಗೆ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವಲ್ಲಿಗೆ, ಬರುತ್ತಾರೆ. ವಿಟೆಲೊ ಬೆಳೆಸಿದ ಟೆನೆಸಿ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಕಾಲೇಜುಗಳ ಚಾಂಪಿಯನ್‌ಷಿಪ್ ಆದ ಕಾಲೇಜು ವರ್ಲ್ಡ್ ಸೀರೀಸ್ ಗೆದ್ದಿತು. ಆ ಕಾಲೇಜಿಗೆ ಅದೇ ಮೊದಲ ಸಲ. ಅವರ ಕೈಕೆಳಗೆ ಆಡಿದ ಡ್ರೂ ಗಿಲ್ಬರ್ಟ್, ಬ್ಲೇಡ್ ಟಿಡ್‌ವೆಲ್ ಅವರು ಬರುವ ಮೊದಲೇ ಜೈಂಟ್ಸ್‌ನಲ್ಲಿದ್ದರು. 2025ರ ಡ್ರಾಫ್ಟ್‌ನಲ್ಲಿ ಜೈಂಟ್ಸ್ ಮೊದಲು ಆರಿಸಿದ ಗ್ಯಾವಿನ್ ಕೈಲನ್ ಕೂಡ ಟೆನೆಸಿಯವನೇ. ಪೋಸಿ ವಿಟೆಲೊ ಅವರನ್ನು ಕಣ್ಣು ಮುಚ್ಚಿಕೊಂಡು ಕರೆತಂದಿಲ್ಲ.

ಇನ್ನು ಅನುಭವದ ಮಾತು. 2021ರಲ್ಲಿ ಇದೇ ತಂಡ 162ರಲ್ಲಿ 107 ಪಂದ್ಯ ಗೆದ್ದಿತ್ತು. ಆಮೇಲೆ ನಾಲ್ಕು ವರ್ಷ 81, 79, 80, 81. ಮೇಲೂ ಏರಲಿಲ್ಲ, ಕೆಳಗೂ ಬೀಳಲಿಲ್ಲ, ಅಲ್ಲೇ ಕೂತಿತು. 2025ರ ಕೊನೆಗೆ ಪೋಸಿ ಮನೆಗೆ ಕಳಿಸಿದ ಬಾಬ್ ಮೆಲ್ವಿನ್ ಮೂರು ಸಲ ವರ್ಷದ ಶ್ರೇಷ್ಠ ಮ್ಯಾನೇಜರ್ ಆದವರು. ಅನುಭವ ಒಂದೇ ಸಾಕಾಗಿದ್ದರೆ ಅವರೇ ಗೆಲ್ಲಿಸಬೇಕಿತ್ತು ಅಲ್ವಾ?

ಹಾಗಂತ ನನಗೆ ಭಯ ಇಲ್ಲ ಅಂತ ಅಲ್ಲ. ಕಾಲೇಜಿನಲ್ಲಿ ವಾರದ ದೊಡ್ಡ ಪಂದ್ಯಗಳು ಶುಕ್ರವಾರದಿಂದ ಭಾನುವಾರದವರೆಗೆ. ಚೆಂಡು ಎಸೆಯುವ ಮುಖ್ಯ ಪಿಚರ್‌ಗೆ ವಾರಪೂರ್ತಿ ವಿಶ್ರಾಂತಿ. ದೊಡ್ಡ ಲೀಗ್‌ನಲ್ಲಿ 162 ಪಂದ್ಯ, ಹೆಚ್ಚುಕಡಿಮೆ ದಿನಾ ಆಟ. ನಿನ್ನೆ, ಮೊನ್ನೆ ಎರಡೂ ದಿನ ಎಸೆದ ರಿಲೀವರ್‌ನನ್ನು (ಪಂದ್ಯದ ಮಧ್ಯೆ ಬರುವ ಬದಲಿ ಪಿಚರ್) ಇವತ್ತು ಎಂಟನೇ ಇನ್ನಿಂಗ್ಸ್‌ಗೆ ಎಬ್ಬಿಸಬೇಕೋ, ಪಂದ್ಯ ಕೈ ಬಿಟ್ಟರೂ ಕೂರಿಸಬೇಕೋ? ಗೆಲ್ಲುವ ಆಸೆಗೆ ಮೇ ತಿಂಗಳಲ್ಲಿ ಬುಲ್‌ಪೆನ್ (ರಿಲೀವರ್‌ಗಳ ದಂಡು) ಸುಟ್ಟುಕೊಂಡರೆ ಆಗಸ್ಟ್‌ನಲ್ಲಿ ಎಸೆಯುವವರು ಇರುವುದಿಲ್ಲ. ಇನ್ನೊಂದು, ಕಾಲೇಜಿನಲ್ಲಿ ಹುಡುಗ ಮಾತು ಕೇಳದಿದ್ದರೆ ಬೆಂಚಿನಲ್ಲಿ ಕೂರಿಸಬಹುದು. 2033ರವರೆಗೆ ಒಪ್ಪಂದ ಕೈಯಲ್ಲಿರುವ ಸ್ಟಾರ್ ಆಟಗಾರ ರಫಾಯೆಲ್ ಡೆವರ್ಸ್ ಹತ್ತಿರ ಆ ಗದರಿಕೆ ನಡೆಯುವುದಿಲ್ಲ. ಅಲ್ಲಿ ಮಾತಾಡಿ ಒಪ್ಪಿಸಬೇಕು.

ಅದಕ್ಕೇ ನಾನು ಮ್ಯಾನೇಜರ್ ಹೆಸರಿಗಿಂತ ಅವರ ಸುತ್ತ ಯಾರನ್ನು ನಿಲ್ಲಿಸಿದ್ದಾರೆ ಅಂತ ನೋಡುತ್ತೇನೆ. ಈ ಬಗ್ಗೆ ಒಬ್ಬರೂ ಕೇಳಿಲ್ಲ, ಬೇಜಾರಾಗುತ್ತದೆ. ಪಕ್ಕದಲ್ಲಿ ಕೂರುವ ಬೆಂಚ್ ಕೋಚ್ ಜೇಸ್ ಟಿಂಗ್ಲರ್, ಎರಡು ವರ್ಷ ಸ್ಯಾನ್ ಡಿಯೆಗೊ ಪಾಡ್ರೆಸ್ ತಂಡವನ್ನು ಮ್ಯಾನೇಜರ್ ಆಗಿ ನಡೆಸಿದವರು. ಇನ್‌ಫೀಲ್ಡ್ (ಒಳಮೈದಾನದ ಫೀಲ್ಡಿಂಗ್) ನೋಡಿಕೊಳ್ಳಲು ರಾನ್ ವಾಷಿಂಗ್ಟನ್. 2010ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಲೀಗ್‌ನ ಫೈನಲ್‌ನಲ್ಲಿ, ಪೋಸಿ ಜೈಂಟ್ಸ್ ಕ್ಯಾಚರ್ ಆಗಿದ್ದಾಗ ಎದುರಿನ ಟೆಕ್ಸಸ್ ತಂಡಕ್ಕೆ ಇವರೇ ಮ್ಯಾನೇಜರ್. ಸೋಲಿಸಿದವನೇ ಈಗ ಮರ್ಯಾದೆಯಿಂದ ಮನೆಗೆ ಕರೆದಿದ್ದಾನೆ.

ವಾಷಿಂಗ್ಟನ್ ಪಾಠ ಮಾಡುವುದನ್ನು ಓಕ್ಲೆಂಡ್‌ನಲ್ಲಿ ನಾನು ಬೇಲಿ ಹಿಡಿದು ನಿಂತು ನೋಡಿದ್ದೇನೆ. ಆಟಗಾರ ಎರಡೂ ಮಂಡಿ ಊರಿ ಕೂರಬೇಕು. ಕೈಯಲ್ಲಿ ಅಂಗೈಯಷ್ಟೇ ಇರುವ ಚಪ್ಪಟೆ ಗ್ಲೌಸ್, ಚೆಂಡು ಅದರೊಳಗೆ ಸಿಕ್ಕಿಕೊಳ್ಳುವುದೇ ಇಲ್ಲ. ಇವರು ಕೆಲವೇ ಅಡಿ ದೂರದಿಂದ ತೆಳ್ಳನೆ ಬ್ಯಾಟಿನಲ್ಲಿ ಚೆಂಡನ್ನು ಮೂತಿ ಮುಂದೆ ಪುಟಿಸುತ್ತಾರೆ. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಕೈ ಮೆತ್ತಗಾಗುವವರೆಗೆ ಬಿಡುವುದಿಲ್ಲ. 2015ರಲ್ಲಿ 35 ಎರರ್ (ಫೀಲ್ಡಿಂಗ್ ತಪ್ಪು) ಮಾಡಿದ ಮಾರ್ಕಸ್ ಸಿಮಿಯನ್ ಇದೇ ಮಂಡಿ ಪಾಠದಲ್ಲಿ ತಿದ್ದಿಕೊಂಡವನು. 2021ರಲ್ಲಿ ಅವನಿಗೆ ಶ್ರೇಷ್ಠ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ ಬಂತು. ಎರಿಕ್ ಚಾವೆಜ್ ಅಂತೂ ತಾನು ಗೆದ್ದ ಗೋಲ್ಡ್ ಗ್ಲೌವ್‌ಗಳಲ್ಲಿ ಒಂದನ್ನು ಈ ಗುರುವಿಗೇ ಕೊಟ್ಟ. ಎಪ್ಪತ್ತು ದಾಟಿದ ಇಂಥವರೊಬ್ಬರು ಬೆಳಗ್ಗೆ ಮೈದಾನಕ್ಕೆ ಬಂದರೆ ಹೊಸ ಮ್ಯಾನೇಜರ್‌ಗೆ ಅರ್ಧ ಭಾರ ಇಳಿದಂತೆ.

ನನ್ನ ಮಾತು ಇಷ್ಟೇ. ಏಪ್ರಿಲ್‌ನ ಸೋಲು ನೋಡಿ ಕೂಗಾಡಬೇಡಿ. ಮೇ ಕೊನೆಗೆ ಯಾವ ರಿಲೀವರ್ ಎಷ್ಟು ಸಲ ಎಸೆದಿದ್ದಾನೆ ಅಂತ ಲೆಕ್ಕ ಹಾಕಿ. ಆಗ ತೀರ್ಪು ಕೊಡೋಣ.

ಪ್ರಶ್ನೆ: ಪ್ರತಿ ಚಳಿಗಾಲದಲ್ಲೂ ದೊಡ್ಡ ಸ್ಟಾರ್ ಬರುತ್ತಾನೆ ಅಂತ ಸುದ್ದಿ. ಕೊನೆಗೆ ಬರುವುದಿಲ್ಲ. ಮಾಲೀಕರು ಜಿಪುಣರಾ?

ಉತ್ತರ: ಅಲ್ಲ. ನೀವು ಓದುವ ಸುದ್ದಿ ಕೆಟ್ಟದ್ದು. 2022ರ ಡಿಸೆಂಬರ್ ನೆನಪಿದೆಯಾ? ಆರನ್ ಜಡ್ಜ್ ಜೈಂಟ್ಸ್‌ಗೆ ಬರುವಂತಿದೆ ಅಂತ ಒಂದು ಟ್ವೀಟ್, ಅದರಲ್ಲಿ ಅವನ ಹೆಸರೇ ತಪ್ಪು. ಕೆಲವೇ ನಿಮಿಷದಲ್ಲಿ ವಾಪಸ್. ಮರುದಿನ ಅವನು 36 ಕೋಟಿ ಡಾಲರ್‌ಗೆ ತನ್ನ ಹಳೇ ತಂಡ ಯಾಂಕೀಸ್‌ನಲ್ಲೇ ಉಳಿದ. ಅದೇ ತಿಂಗಳು ಕಾರ್ಲೋಸ್ ಕೊರಿಯಾಗೆ ಜೈಂಟ್ಸ್ 13 ವರ್ಷಕ್ಕೆ 35 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ವೈದ್ಯಕೀಯ ಪರೀಕ್ಷೆಯಲ್ಲಿ ಕಾಲಿನ ಹಳೇ ಗಾಯ ಕಂಡು ನಿಂತಿತು. ಆಮೇಲೆ ಮೆಟ್ಸ್ ತಂಡ ಕೂಡ ಅದೇ ಕಾರಣಕ್ಕೆ ಹಿಂದೆ ಸರಿಯಿತು. ಜಿಪುಣತನ ಅಲ್ಲ ಅದು, ಎಚ್ಚರ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಪೋಸಿ ಬಂದ ಮೇಲೆ ವಿಲ್ಲಿ ಅಡಾಮೆಸ್‌ಗೆ ಕೊಟ್ಟ 18.2 ಕೋಟಿ ಡಾಲರ್ ಆಗಿನವರೆಗೆ ಈ ತಂಡದ ಅತಿ ದೊಡ್ಡ ಒಪ್ಪಂದ. 2025ರಲ್ಲಿ ಅವನು 30 ಹೋಮ್ ರನ್ ಹೊಡೆದ. 2004ರ ಬ್ಯಾರಿ ಬಾಂಡ್ಸ್ ನಂತರ ಯಾವ ಜೈಂಟ್ಸ್ ಆಟಗಾರನಿಗೂ ಅದು ಆಗಿರಲಿಲ್ಲ. "ಒಳಗಿನ ಮೂಲ" ಅಂತ ಸುಮ್ನೆ ಬರೆಯುವವರನ್ನು ನಂಬುವುದು ನಿಲ್ಲಿಸಿ.

ಪ್ರಶ್ನೆ: ಐಪಿಎಲ್ ತರಹ ಇಲ್ಲಿ ಹರಾಜು ಯಾವಾಗ?

ಉತ್ತರ: ಹರಾಜು ಇಲ್ಲ. ದಯವಿಟ್ಟು ಈ ಪ್ರಶ್ನೆ ಮತ್ತೆ ಕಳಿಸಬೇಡಿ.

ಪ್ರಶ್ನೆ: ಜೈಂಟ್ಸ್‌ನ ಹಳೇ ಮ್ಯಾನೇಜರ್ ಬ್ರೂಸ್ ಬೋಚಿ ವಾಪಸ್ ಬಂದರಂತೆ, ಮತ್ತೆ ಮ್ಯಾನೇಜರ್ ಆಗುತ್ತಾರಾ?

ಉತ್ತರ: ಇಲ್ಲ. ಸಲಹೆಗಾರರಾಗಿ ಬಂದಿದ್ದಾರೆ.

ಪ್ರಶ್ನೆ: ಮಗನಿಗೆ ಹನ್ನೆರಡು. ಪಿಚರ್. ಟಾಮಿ ಜಾನ್ ಆಪರೇಷನ್ ಮಾಡಿಸಿದರೆ ಕೈ ಇನ್ನೂ ಗಟ್ಟಿಯಾಗುತ್ತದೆ ಅಂತ ಒಬ್ಬ ಪ್ರೈವೇಟ್ ಟ್ರೇನರ್ ಹೇಳಿದರು. ನಿಜವಾ?

ಉತ್ತರ: ಶುದ್ಧ ಸುಳ್ಳು. ಆ ಟ್ರೇನರ್ ಹತ್ತಿರ ಇನ್ನು ಮಗನನ್ನು ಕಳಿಸಬೇಡಿ. ಅದು ಹರಿದ ಮೊಣಕೈ ಲಿಗಮೆಂಟ್ ಸರಿಪಡಿಸುವ ಆಪರೇಷನ್. ದೊಡ್ಡವರಿಗೇ ವಾಪಸ್ ಬರಲು ಒಂದು ವರ್ಷಕ್ಕಿಂತ ಜಾಸ್ತಿ ಬೇಕು, ಕೆಲವರು ಬರುವುದೇ ಇಲ್ಲ. ಚೆನ್ನಾಗಿರುವ ಮಗುವಿನ ಕೈಗೆ ಕತ್ತಿ ಹಾಕಿಸುತ್ತೀರಾ? ಹನ್ನೆರಡರ ಹುಡುಗ ದಿನಕ್ಕೆ 85 ಪಿಚ್ ದಾಟಬಾರದು. 66 ಮುಟ್ಟಿದರೆ ನಾಲ್ಕು ದಿನ ಪೂರ್ತಿ ರಜೆ. ವರ್ಷದಲ್ಲಿ ನಾಲ್ಕು ತಿಂಗಳು ಚೆಂಡು ಎಸೆಯುವುದೇ ಬೇಡ, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ ಸಿಗಬೇಕು. ಪಂದ್ಯಗಳಿಲ್ಲದ ಆಫ್‌ಸೀಸನ್ ಬಂದಾಗ ಗ್ಲೌಸ್ ಕಪಾಟಿನಲ್ಲಿಡಿ, ಸೈಕಲ್ ಹೊಡೆಯಲಿ. ಮೊಣಕೈ ಒಳಭಾಗದಲ್ಲಿ ನೋವು ಅಂದರೆ ಮಾತ್ರ ಕಾಯಬೇಡಿ, ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.