ತೋಟದಲ್ಲಿ ಬೂದು ತಲೆಯ ಪಿಕಳಾರ (ಬುಲ್‌ಬುಲ್ ಹಕ್ಕಿ), ಹಳದಿ ಹುಬ್ಬಿನ ಪಿಕಳಾರ ಎರಡೂ ಇವೆಯಂತೆ. ಗುರುತಿಸುವುದು ಹೇಗೆ, ಯಾವುದನ್ನು ಉಳಿಸಿಕೊಳ್ಳಬೇಕು?

ಇದೇ ಎರಡು ಹಕ್ಕಿಗಳ ವಿಷಯದಲ್ಲಿ ಪೆಟ್ಟು ತಿಂದವನು ನಾನು. ನಮ್ಮ ತೋಟ ಸಕಲೇಶಪುರದಿಂದ ಆಚೆ, ಹೆತ್ತೂರು ಕಡೆ. ಹಳ್ಳದ ಉದ್ದಕ್ಕೂ ವಾಟೆ ಬಿದಿರಿನ ಮೆಳೆ ಇತ್ತು. ಅದನ್ನು ಕಡಿಸಿ ನಾಲ್ಕು ಸಾಲು ರೊಬಸ್ಟಾ ಕಾಫಿ ಹಾಕೋಣ ಅಂತ ಹೊರಟಿದ್ದೆ. ಮೆಳೆಯೊಳಗೆ ಹಳದಿ ಹಸಿರಿನ ಜೋಡಿಯೊಂದು ಓಡಾಡುತ್ತಿತ್ತು. ‘ಹಳದಿ ಹುಬ್ಬಿನದು, ತೋಟದ ತುಂಬಾ ಇವೆ’ ಅಂದುಕೊಂಡು ಆಳುಗಳಿಗೆ ಕಡಿಯಿರಿ ಅಂದುಬಿಟ್ಟೆ.

ತಪ್ಪಾಗಿದ್ದು ಇಲ್ಲೇ. ನಾನು ನೋಡಿದ್ದು ಹೊಟ್ಟೆ ಮಾತ್ರ. ಮೆಳೆಯ ಕತ್ತಲಲ್ಲಿ ಬೂದು ತಲೆಯೂ ಹಸಿರಾಗೇ ಕಾಣುತ್ತದೆ. ಅದರ ಹಣೆ ಬೇರೆ ಹಳದಿ ಬೆರೆತ ಹಸಿರು. ಅದನ್ನೇ ಹುಬ್ಬು ಅಂದುಕೊಂಡೆ. ಕಣ್ಣು ನೋಡಬೇಕಿತ್ತು. ಬೂದು ತಲೆಯದಕ್ಕೆ ಬಿಳಿಚಿದ ಕಣ್ಣು, ಹಾಲಿಗೆ ಒಂದು ಹನಿ ನೀಲಿ ಬಿಟ್ಟ ಹಾಗೆ. ಕೊಕ್ಕೂ ತಿಳಿ ಬಣ್ಣ. ಹಳದಿ ಹುಬ್ಬಿನದಕ್ಕೆ ಗಾಢ ಕಣ್ಣು, ಕಪ್ಪು ಕೊಕ್ಕು. ಕಿವಿಗೊಟ್ಟಿದ್ದರೂ ಸಾಕಿತ್ತು. ಹಳದಿ ಹುಬ್ಬಿನದು ಜೋರಾಗಿ ಸಿಳ್ಳೆ ಹಾಕುತ್ತದೆ, ಬೂದು ತಲೆಯದು ‘ಚೇಂಕ್’ ಅಂತ ಒಂದೇ ಸಲ ಕಡಿದ ಹಾಗೆ ಕೂಗುತ್ತದೆ.

ಫೋಟೋ ತೆಗೆದಿದ್ದೆ, ಸುಳ್ಳಲ್ಲ. ದೊಡ್ಡದು ಮಾಡಿ ನೋಡೋಕೆ ಪುರುಸೊತ್ತು ಸಿಕ್ಕಿದ್ದು ವಾರ ಬಿಟ್ಟು. ಪರದೆ ತುಂಬಾ ಆ ಬಿಳಿ ಕಣ್ಣು! ಅಷ್ಟರಲ್ಲಿ ವಾಟೆಯೆಲ್ಲ ಕೊಟ್ಟಿಗೆ ಹಿಂದೆ ರಾಶಿ ಬಿದ್ದಿತ್ತು. ಕೆದಕಿದರೆ ಬಟ್ಟಲಿನಂಥ ಖಾಲಿ ಗೂಡೊಂದು ಸಿಕ್ಕಿತು. ಅದರದ್ದೋ ಬೇರೆ ಹಕ್ಕಿಯದ್ದೋ, ದೇವರಿಗೇ ಗೊತ್ತು. ಆದರೆ ಬೂದು ತಲೆಯದು ಇಂಥ ವಾಟೆಯಲ್ಲೇ ಗೂಡು ಕಟ್ಟುವುದುಂಟು, ಇಡುವುದು ಒಂದೋ ಎರಡೋ ಮೊಟ್ಟೆ.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಬೂದು ತಲೆಯದು ‘ನಿಯರ್ ಥ್ರೆಟನ್ಡ್’, ಅಂದರೆ ಅಪಾಯದ ಹೊಸ್ತಿಲಲ್ಲಿದೆ. ಗೋವಾದಿಂದ ದಕ್ಷಿಣಕ್ಕೆ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಹಳದಿ ಹುಬ್ಬಿನದು ಶ್ರೀಲಂಕಾದಲ್ಲೂ ಇದೆ, ಪಟ್ಟಿಯಲ್ಲಿ ‘ಲೀಸ್ಟ್ ಕನ್ಸರ್ನ್’. ಸದ್ಯಕ್ಕೆ ಚಿಂತೆಯಿಲ್ಲ.

ಆದರೆ ‘ಯಾವುದನ್ನು ಉಳಿಸಬೇಕು’ ಅನ್ನೋ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪಲ್ಲ. ಅದು ನಿಜಕ್ಕೂ ಹಳದಿ ಹುಬ್ಬಿನದೇ ಆಗಿದ್ದರೆ ಮೆಳೆ ಕಡಿದದ್ದು ಸರಿಯಾಗಿಬಿಡುತ್ತಿತ್ತಾ? ಹಕ್ಕಿ ಆರಿಸೋಕೆ ಇದೇನು ಸಂತೆಯಲ್ಲ. ಹಳ್ಳದ ದಂಡೆಗೆ ಕೈ ಹಾಕಬೇಡಿ, ಅಷ್ಟೇ. ಮರಗಸಿ (ನೆರಳಿನ ಮರಗಳ ಕೊಂಬೆ ಸವರೋದು) ಮಾಡಿಸುವಾಗ ಅತ್ತಿ, ಬಸರಿ ಬಿಡಿ. ಕಾಡು ಮರ ತೆಗೆದು ಪೂರ್ತಿ ಸಿಲ್ವರ್ ಓಕ್ ಹಾಕೋ ಹುಚ್ಚು ಬೇಡವೇ ಬೇಡ.

ಉಳಿದ ಬುಡಗಳಿಂದ ವಾಟೆ ಈಗ ಆಳೆತ್ತರ ಚಿಗುರಿದೆ. ಹಳದಿ ಹುಬ್ಬಿನವು ಬರುತ್ತವೆ. ‘ಚೇಂಕ್’ ಇನ್ನೂ ಕೇಳಿಲ್ಲ. ಆ ನಾಲ್ಕು ಸಾಲು ರೊಬಸ್ಟಾದಲ್ಲಿ ಎರಡು ಸಾಲು ಮೊದಲ ಮಳೆಗಾಲದಲ್ಲೇ ದಂಡೆ ಸಮೇತ ಹಳ್ಳಕ್ಕೆ ಹೋಯಿತು.